ಹೆಂಗಸರೇ ಸೇರಿ ದೇವರಾಯನದುರ್ಗಕ್ಕೆ ರೈಡ್: ನಿಧಾನಕ್ಕೆ ಓಡಿಸುವವಳು ಎಲ್ಲಿರಬೇಕು?

ಹಂಟರ್ ಹುಡುಗಿ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ನಾವು ಒಂಬತ್ತು ಜನ ಹೆಂಗಸರು ಬೆಂಗಳೂರಿಂದ ದೇವರಾಯನದುರ್ಗಕ್ಕೆ ಹೋಗಿ ಸಂಜೆಯೊಳಗೆ ವಾಪಸ್ ಬರೋಣ ಅಂತ ಮಾತಾಡಿಕೊಂಡಿದ್ದೇವೆ. ಬೆಳಿಗ್ಗೆ 5.30ಕ್ಕೆ ಗೊರಗುಂಟೆಪಾಳ್ಯದಲ್ಲಿ ಸೇರುವುದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಆಮೇಲೆ ನಾಮದ ಚಿಲುಮೆ, ಅಲ್ಲಿಂದ ಬೆಟ್ಟ. ನನ್ನದು ಹಂಟರ್ 350 ಬೈಕ್, ತಗೊಂಡು ಏಳು ತಿಂಗಳು. ದಿನಾ ಆಫೀಸಿಗೆ ಓಡಿಸುತ್ತೇನೆ, ಹೈವೇ ಅಭ್ಯಾಸ ಕಡಿಮೆ.

ಹೋದ ಜನವರಿಯಲ್ಲಿ ಬೇರೆ ಒಂದು ಗ್ರೂಪ್ ಜೊತೆ ಇದೇ ರಸ್ತೆಯಲ್ಲಿ ಹೋಗಿದ್ದೆ. ಹೊಸಬರು ಹಿಂದೆ ಬನ್ನಿ ಅಂದರು. ನೆಲಮಂಗಲ ಟೋಲ್ ದಾಟಿದ ಮೇಲೆ ಮುಂದೆ ಒಬ್ಬರೂ ಕಾಣಲಿಲ್ಲ. ಹೇಗಾದರೂ ಹಿಡಿಯಬೇಕು ಅಂತ 95ರವರೆಗೆ ಎಳೆದೆ, ಎರಡು ಲಾರಿ ಮಧ್ಯೆ ಸಿಕ್ಕಿಕೊಂಡಾಗ ಗಾಳಿಗೆ ಗಾಡಿ ಅಲ್ಲಾಡಿಬಿಟ್ಟಿತು. ಡಾಬಸ್‌ಪೇಟೆ ಹತ್ತಿರ ಪಕ್ಕಕ್ಕೆ ಹಾಕಿ ನಿಂತರೆ ಎಡಗೈ ಬೆರಳು ನೆಟ್ಟಗಾಗುತ್ತಿಲ್ಲ. ಇಪ್ಪತ್ತು ನಿಮಿಷ ಆದಮೇಲೆ ಒಬ್ಬರು ಫೋನ್ ಮಾಡಿದರು. ನಾನು ಅಲ್ಲಿಂದಲೇ ಮನೆಗೆ ಬಂದೆ.

ಈ ಸಲವೂ ಎಲ್ಲರಿಗಿಂತ ನಿಧಾನ ನಾನೇ. ಉಳಿದವರಿಗೆ ಭಾರ ಆಗುತ್ತೇನಾ? ಮತ್ತೆ ನನ್ನ ಎತ್ತರ ಐದಡಿ ಒಂದಿಂಚು, ಇಳಿಜಾರಲ್ಲಿ ಕಾಲು ಪೂರ್ತಿ ಊರುವುದಿಲ್ಲ. ಜೊತೆಗೆ ಅವತ್ತು ಪೀರಿಯಡ್ಸ್‌ನ ಎರಡನೇ ದಿನ. ಹೋಗಲಾ ಬೇಡವಾ ಹೇಳಿ.

ಮೀಟಿಯರ್ ಅಕ್ಕ

ಹೋಗಿ ತಂಗಿ, ಖಂಡಿತ ಹೋಗಿ. ಜನವರಿಯಲ್ಲಿ ಆಗಿದ್ದು ನಿಮ್ಮ ತಪ್ಪಲ್ಲ. ಹೊಸಬರನ್ನು ಹಿಂದೆ ಬಿಟ್ಟವರದು ತಪ್ಪು.

ಯಾಕೆ ಅಂತ ಹೇಳುತ್ತೇನೆ. ಮುಂದಿರುವ ಲೀಡ್ 70ರಲ್ಲಿ ಹೋಗುತ್ತಾ ಒಂದು ಬಸ್ಸನ್ನು ಹಿಂದೆ ಹಾಕಿದರು ಅಂದುಕೊಳ್ಳಿ. ಎರಡನೆಯವರು ದಾರಿ ಸಿಗುವವರೆಗೆ ಕಾಯಬೇಕು, ಮೂರನೆಯವರು ಇನ್ನೂ ಸ್ವಲ್ಪ ಜಾಸ್ತಿ, ಹೀಗೆ ರಬ್ಬರ್ ಬ್ಯಾಂಡ್ ಥರ ಸಾಲು ಎಳೆಯುತ್ತಾ ಹೋಗುತ್ತದೆ. ಆ ಅಂತರ ಮುಚ್ಚಲು ಕೊನೆಯವರು 85, 90ರಲ್ಲಿ ಓಡಿಸಬೇಕಾಗುತ್ತದೆ. ಅಂದರೆ ಗ್ರೂಪ್‌ನಲ್ಲಿ ಎಲ್ಲರಿಗಿಂತ ಜೋರಾಗಿ ಹೋಗುವ ಜಾಗ ಕೊನೆಯದು. ಅಲ್ಲಿ ಹೊಸಬರನ್ನು ಹಾಕುವುದಾ?

ನಿಮ್ಮ ಜಾಗ ಲೀಡ್‌ನ ನೇರ ಹಿಂದೆ. ಲೀಡ್ ಕನ್ನಡಿಯಲ್ಲಿ ನಿಮ್ಮ ಹೆಡ್‌ಲೈಟ್ ನೋಡಿಕೊಂಡೇ ವೇಗ ಇಡುತ್ತಾರೆ. ಕೊನೆಯಲ್ಲಿ ಸ್ವೀಪ್ ಆಗಿ ನಿಮ್ಮಲ್ಲೇ ಜಾಸ್ತಿ ಅನುಭವ ಇರುವವರು, ಪಂಕ್ಚರ್ ಕಿಟ್ ಅವರ ಹತ್ತಿರ. ಇದನ್ನು ನಾಚಿಕೆ ಇಲ್ಲದೆ ಶನಿವಾರವೇ ಗ್ರೂಪ್‌ನಲ್ಲಿ ಹೇಳಿಬಿಡಿ. ತಿರುವು ಬಂದ ಕಡೆಯೆಲ್ಲ ಪ್ರತಿಯೊಬ್ಬರೂ ತಮ್ಮ ಹಿಂದಿನವರು ಕಾಣುವವರೆಗೆ ನಿಂತು ಮುಂದೆ ಹೋಗಬೇಕು. ಇದೊಂದು ಪಾಲಿಸಿದರೆ ಯಾರೂ ಕಳೆದುಹೋಗುವುದಿಲ್ಲ.

ಹೈವೇಯಲ್ಲಿ ಒಬ್ಬರ ಹಿಂದೆ ಒಬ್ಬರು ನೇರ ಬೇಡ, ಒಂದೇ ಲೇನ್‌ನಲ್ಲಿ ಎಡ ಬಲ ಎಡ ಬಲ ಅಂತ ಹೋಗಿ. ನಿಮ್ಮ ಸಾಲಿನಲ್ಲೇ ಮುಂದಿರುವವರಿಗೂ ನಿಮಗೂ ಎರಡು ಸೆಕೆಂಡ್ ಅಂತರ. ಬೆಟ್ಟ ಹತ್ತುವಾಗ ಮಾತ್ರ ಒಂದೇ ಸಾಲು, ಅಂತರವೂ ಜಾಸ್ತಿ.

ಆಕ್ಟಿವಾ ಅಮ್ಮ

ನಾನು ಮೊದಲ ರೈಡ್ ಮಾಡಿದ್ದು ಸ್ಕೂಟರ್‌ನಲ್ಲೇ, ಎಲ್ಲರೂ 350 ತಂದಿದ್ದರು. ಆಕ್ಟಿವಾ ಟ್ಯಾಂಕ್ 5.3 ಲೀಟರ್. ಲೀಡ್ ಆಗಿದ್ದವರು ಪೆಟ್ರೋಲ್ ನಿಲುಗಡೆಯನ್ನು ನನ್ನ ಟ್ಯಾಂಕ್ ಲೆಕ್ಕದಲ್ಲೇ ಇಟ್ಟಿದ್ದರು. ಅದು ನನಗೆ ಇವತ್ತಿಗೂ ನೆನಪಿದೆ. ಭಾರ ಅನ್ನುವ ಮಾತು ಬಿಡಿ.

ಪೀರಿಯಡ್ಸ್ ವಿಷಯ ಕೇಳಿದ್ದು ಒಳ್ಳೆಯದಾಯಿತು. ನಾವು 40, 45 ನಿಮಿಷಕ್ಕೊಮ್ಮೆ ನಿಲ್ಲುತ್ತೇವೆ, ಯಾರೂ ಕಾರಣ ಕೇಳುವುದಿಲ್ಲ. ಎಡಗೈ ಮುಷ್ಟಿ ಮಾಡಿ ಮೇಲೆ ಕೆಳಗೆ ಆಡಿಸಿದರೆ ಟಾಯ್ಲೆಟ್‌ಗೆ ನಿಲ್ಲಬೇಕು ಅಂತ. ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸದಿದ್ದರೂ ಟಾಯ್ಲೆಟ್ ಕೀ ಕೇಳಿ ಇಸಕೊಳ್ಳಿ. ಬೆಟ್ಟಕ್ಕೆ ಹೋಗುವ ಮುಂಚೆ ಹೋಟೆಲ್‌ನಲ್ಲೇ ಪ್ಯಾಡ್ ಬದಲಾಯಿಸಿ. ಗಾಢ ಬಣ್ಣದ ಪ್ಯಾಂಟ್, ಒಂದು ಜೊತೆ ಬಟ್ಟೆ, ಹಳೇ ಪೇಪರ್, ಕವರ್ ಇಟ್ಟುಕೊಳ್ಳಿ. ಟಾಯ್ಲೆಟ್‌ಗೆ ಹೆದರಿ ನೀರು ಕುಡಿಯದೆ ಮಾತ್ರ ಇರಬೇಡಿ, ಹತ್ತು ಗಂಟೆ ಹೊತ್ತಿಗೆ ತಲೆ ಸಿಡಿಯುತ್ತದೆ. ಹೊಟ್ಟೆನೋವು ಜಾಸ್ತಿ ಇದ್ದರೆ ಅರ್ಧದಲ್ಲೇ ತಿರುಗಿ, ಸ್ವೀಪ್ ಜೊತೆಗೆ ಬರುತ್ತಾರೆ.

ಜಡೆ ಜಾಕೆಟ್ ಒಳಗಿರಲಿ, ಹೊರಗೆ ಬಿಟ್ಟರೆ ಗಾಳಿಗೆ ಸಿಕ್ಕಾಗಿ ಸಂಜೆ ಬಾಚಲು ಅರ್ಧ ಗಂಟೆ ಬೇಕು.

ತುಮಕೂರಿನವಳು

ನಮ್ಮೂರ ರಸ್ತೆ, ಅದಕ್ಕೇ ಬರೆಯುತ್ತಿದ್ದೇನೆ. ನಾಮದ ಚಿಲುಮೆಯಿಂದ ಮೇಲೆ ಕಾಡು, ನೆರಳು, ತುಂಬ ಚೆನ್ನಾಗಿದೆ. ಆದರೆ ಬೆಳಿಗ್ಗೆ ತಿರುವುಗಳಲ್ಲಿ ಒದ್ದೆ ಎಲೆ, ಮರಳು ಇರುತ್ತದೆ. ತಿರುವಿಗೆ ಮುಂಚೆಯೇ ನಿಧಾನ ಮಾಡಿ, ತಿರುಗುವಾಗ ಮುಂದಿನ ಬ್ರೇಕ್ ಹಿಡಿಯಬೇಡಿ. ಗುಂಡಿ ನೋಡಬೇಡಿ, ತಿರುವು ಎಲ್ಲಿ ಮುಗಿಯುತ್ತದೋ ಅಲ್ಲಿ ನೋಡಿ. ಇಳಿಯುವಾಗ ಎರಡನೇ ಗೇರ್, ನ್ಯೂಟ್ರಲ್ ಮಾತ್ರ ಬೇಡವೇ ಬೇಡ.

ಕಾಲು ಊರದ ವಿಷಯ. ಹಂಟರ್ ಸೀಟಿನ ಎತ್ತರ 790 ಮಿ.ಮೀ., ತೂಕ 181 ಕಿಲೋ. ಸಮನೆಲದಲ್ಲಿ ಒಂದು ಕಾಲಿನ ಮುಂಪಾದ ಊರಿದರೆ ಸಾಕು, ಬಲಗಾಲು ಬ್ರೇಕ್ ಮೇಲಿರಲಿ. ಬೀಳುವುದು ಪಾರ್ಕಿಂಗ್‌ನಲ್ಲೇ, ನಾನೂ ಹಾಗೇ ಬಿದ್ದಿದ್ದು. ಮೇಲೆ ಯೋಗ ನರಸಿಂಹ ದೇವಸ್ಥಾನದ ಕಡೆ ಜಾಗ ಇಳಿಜಾರು. ಗಾಡಿ ಮೂತಿ ಏರಿನ ಕಡೆ ಇರಲಿ, ಫಸ್ಟ್ ಗೇರ್‌ನಲ್ಲಿ ಹಾಕಿ ಸ್ಟ್ಯಾಂಡ್ ಇಳಿಸಿ. ಇಳಿಜಾರಲ್ಲಿ ಗಾಡಿ ಮೇಲೆ ಕೂತು ಯೂ ಟರ್ನ್ ಮಾಡಲು ಹೋಗಬೇಡಿ. ಇಳಿದು ಇಬ್ಬರು ಸೇರಿ ತಳ್ಳಿ ತಿರುಗಿಸಿ. ಒಂಬತ್ತು ಜನ ಇದ್ದೀರಲ್ವಾ, ಕೈ ಕಡಿಮೆಯೇ?

ಕೋತಿ ಕಾಟ ಜಾಸ್ತಿ. ಹ್ಯಾಂಡಲ್‌ಗೆ ಕವರ್ ನೇತುಹಾಕಿದರೆ ಹೋಯಿತು.

ಮೀಟಿಯರ್ ಅಕ್ಕ

ಇನ್ನೊಂದು ಬಿಟ್ಟೆ. ಹೆಂಗಸರ ಗ್ರೂಪ್ ಅಂತ ಗೊತ್ತಾದರೆ ಕೆಲವರು ಪಕ್ಕಕ್ಕೆ ಬಂದು ವಿಡಿಯೊ ಮಾಡುತ್ತಾರೆ, ರೇಸ್‌ಗೆ ಕರೆಯುತ್ತಾರೆ. ಅವರ ಕಡೆ ತಿರುಗಬೇಡಿ, ಜೋರಾಗಿಯೂ ಹೋಗಬೇಡಿ. ಲೀಡ್ ನಿಧಾನ ಮಾಡಿ ಜನ ಇರುವ ಬಂಕ್‌ಗೆ ಎಲ್ಲರನ್ನೂ ಒಳಗೆ ತರಲಿ. ಆಗಲೂ ಬಿಡದಿದ್ದರೆ 112ಕ್ಕೆ ಫೋನ್ ಮಾಡಿ. ಹೈವೇಯಲ್ಲಿ ಗಾಡಿ ಕೆಟ್ಟರೆ ಹೈವೇ ಸಹಾಯವಾಣಿ 1033.

ಹಂಟರ್ ಹುಡುಗಿ

ಹೋಗಿ ಬಂದೆ! ಈಗಷ್ಟೇ ಮನೆ ಸೇರಿದೆ, ಮೈಯೆಲ್ಲ ಧೂಳು.

ಶನಿವಾರ ರಾತ್ರಿ ಗ್ರೂಪ್‌ನಲ್ಲಿ ಎಲ್ಲ ಹೇಳಿಬಿಟ್ಟೆ. ಬರೆದು ಕಳಿಸುವಾಗ ಕೈ ನಡುಗುತ್ತಿತ್ತು. ಲೀಡ್ ಅಕ್ಕ "ಸರಿ, ನೀನು ನನ್ನ ಹಿಂದೆ" ಅಂತ ಅಷ್ಟೇ ಬರೆದರು. ಹೈವೇಯಲ್ಲಿ 65, 70 ದಾಟಲಿಲ್ಲ. ಮೂರು ಸಲ ಮುಷ್ಟಿ ಎತ್ತಿದೆ, ಮೂರು ಸಲವೂ ಎಲ್ಲರೂ ನಿಂತರು, ಎರಡನೇ ಸಲ ಇನ್ನಿಬ್ಬರು "ಥ್ಯಾಂಕ್ಸ್ ಕಣೇ, ನಮಗೂ ಬೇಕಿತ್ತು" ಅಂತ ನನ್ನ ಜೊತೆಗೇ ಇಳಿದರು. ಬೆಟ್ಟದ ತಿರುವುಗಳಲ್ಲಿ ಅಕ್ಕನ ಹಿಂದಿನ ಕೆಂಪು ಲೈಟ್ ಒಂದು ಸಲವೂ ನನ್ನ ಕಣ್ಣಿಂದ ಮರೆಯಾಗಿ ಉಳಿಯಲಿಲ್ಲ, ಮರೆಯಾದ ಕೂಡಲೇ ಅವರು ವೇಗ ಇಳಿಸುತ್ತಿದ್ದರು.

ಮೇಲೆ ಪಾರ್ಕಿಂಗ್‌ನಲ್ಲಿ ಗಾಡಿ ತಿರುಗಿಸಲು ನಾಲ್ಕು ಜನ ಬಂದರು. ತಟ್ಟೆ ಇಡ್ಲಿ ಎರಡು ತಿಂದೆ, ಮೇಲೆ ಬೆಣ್ಣೆ ಕರಗುತ್ತಿತ್ತು. ಮುಂದಿನ ತಿಂಗಳು ಶಿವಗಂಗೆ ಅಂತಿದ್ದಾರೆ, ಹೊಸದಾಗಿ ಇಬ್ಬರು ಬರುತ್ತಾರಂತೆ. ಅವರನ್ನು ಎರಡನೇ ಜಾಗಕ್ಕೆ ಹಾಕಿ, ನಾನು ಅವರ ಹಿಂದೆ ಇರುತ್ತೇನೆ ಅಂತ ಹೇಳಿದ್ದೇನೆ.