ಸ್ಲಾಟ್ ಕಾರಿಗೆ ಎಂಜಿನ್ ಸದ್ದು: ಮಾಡಿ ನೋಡಿದವರು ಹೇಳಿ

ಪ್ರಶ್ನೆ: ಮಗನ ಹತ್ತಿರ ಕರೇರಾ ಇವಲ್ಯೂಷನ್ ಸ್ಲಾಟ್ ಕಾರ್ ಸೆಟ್ (ಟ್ರ್ಯಾಕಿನ ಸೀಳಿನಲ್ಲಿ ಕರೆಂಟಿನಿಂದ ಓಡುವ ಆಟಿಕೆ ಕಾರು) ಇದೆ, 1:32 ಅಳತೆಯದು. ಅಡಾಪ್ಟರ್ ಮೇಲೆ 14.8 ವೋಲ್ಟ್ ಎಂದಿದೆ. ಅವನಿಗೆ ನಿಜವಾದ ಎಂಜಿನ್ ಸದ್ದು ಬೇಕಂತೆ. ಕಾರೊಳಗೇ ಸ್ಪೀಕರ್ ಇಡಬಹುದಾ?

ಮೈಸೂರಿನಿಂದ: ಕಾರೊಳಗೆ ಬೇಡ. ನಿಮ್ಮದು ಅನಲಾಗ್ ಸೆಟ್, ಅಂದರೆ ಕೈಯ ಟ್ರಿಗರ್ ಒತ್ತಿದಷ್ಟೂ ಟ್ರ್ಯಾಕಿಗೆ ವೋಲ್ಟೇಜ್ ಹೋಗುತ್ತದೆ. ಟ್ರಿಗರ್ ಬಿಟ್ಟ ಕೂಡಲೇ ಟ್ರ್ಯಾಕಿನಲ್ಲಿ ಕರೆಂಟ್ ಇರುವುದಿಲ್ಲ, ಸದ್ದೂ ಅಲ್ಲಿಗೇ ಬಂದ್. ಬ್ಯಾಟರಿ ಸೇರಿಸಿದರೆ ಮೇಲೆ ಭಾರವಾಗಿ ತಿರುವಿನಲ್ಲಿ ಕಾರು ಮಗುಚುತ್ತದೆ. ಸ್ಪೀಕರ್ ಟ್ರ್ಯಾಕ್ ಪಕ್ಕದಲ್ಲೇ ಇರಲಿ.

ನಾನು ಮಾಡಿದ್ದು ಹೀಗೆ. ಟ್ರ್ಯಾಕಿನ ಎರಡು ಲೋಹದ ಪಟ್ಟಿಗಳ ನಡುವಿನ ವೋಲ್ಟೇಜನ್ನು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಓದುತ್ತದೆ. ಅದರ ಪಿನ್‌ಗೆ 3.3 ವೋಲ್ಟ್‌ಗಿಂತ ಜಾಸ್ತಿ ಹೋಗಬಾರದು. ಪ್ಲಸ್‌ನಿಂದ 10ಕೆ, ಅದರ ಮುಂದೆ ಮೈನಸ್‌ಗೆ 2.2ಕೆ ರೆಸಿಸ್ಟರ್ ಹಾಕಿ ಎರಡರ ನಡುವಿನಿಂದ ಪಿನ್‌ಗೆ ತಂತಿ ಎಳೆದರೆ 14.8 ವೋಲ್ಟ್ ಇಳಿದು ಸುಮಾರು 2.7 ಆಗುತ್ತದೆ. ಮೋಟರ್ ಬ್ರಷ್‌ನ ಕಿಡಿಗೆ ರೀಡಿಂಗ್ ಕುಣಿಯುತ್ತದೆ, ಅದಕ್ಕೆ 2.2ಕೆ ರೆಸಿಸ್ಟರ್‌ನ ಎರಡು ತುದಿಗಳ ನಡುವೆ ಒಂದು 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೇಕೇ ಬೇಕು. ವೋಲ್ಟೇಜ್ ಏರಿದ ಹಾಗೆ ರೆಕಾರ್ಡ್ ಮಾಡಿದ ಸದ್ದನ್ನು ವೇಗವಾಗಿ ಓಡಿಸಬೇಕು, ಅಷ್ಟೇ. ಬೋರ್ಡಿನಲ್ಲಿ ಎರಡು ಡಿಎಸಿ (ಅಂಕಿಗಳನ್ನು ಸದ್ದಿನ ಸಂಕೇತವಾಗಿ ಬದಲಿಸುವ ಭಾಗ) ಇವೆ, ಲೇನ್‌ಗೊಂದು. ಕೊಳ್ಳುವಾಗ ಮೊದಲ ಇಎಸ್‌ಪಿ32 ಅನ್ನೇ ಕೇಳಿ, ಎಸ್3, ಸಿ3 ಮಾದರಿಗಳಲ್ಲಿ ಡಿಎಸಿ ಇಲ್ಲ. ಎರಡೂ ಲೇನಿನ ಮೈನಸ್ ಒಂದೇನಾ ಅಂತ ಮೊದಲು ಮಲ್ಟಿಮೀಟರ್ ಹಿಡಿದು ನೋಡಿ. ಬೇರೆಬೇರೆ ಇದ್ದರೆ ಲೇನ್‌ಗೊಂದು ಬೋರ್ಡು, ಅದಕ್ಕೊಂದು ಪ್ರತ್ಯೇಕ ಅಡಾಪ್ಟರ್ ಬೇಕಾಗುತ್ತದೆ.

ಹುಬ್ಬಳ್ಳಿಯಿಂದ: ಮೇಲಿನವರು ಹೇಳಿದ್ದು ಸರಿ. ಆದರೆ ರೆಕಾರ್ಡಿಂಗ್ ಎಷ್ಟೇ ಚೆನ್ನಾಗಿರಲಿ, ಏರಿಳಿತ ಸರಿ ಇಲ್ಲದಿದ್ದರೆ ಅದು ಆಟಿಕೆ ಸದ್ದೇ. ಟ್ರಿಗರ್ ಬಿಟ್ಟರೆ ವೋಲ್ಟೇಜ್ ಥಟ್ಟನೆ ಬೀಳುತ್ತದೆ. ನಿಜವಾದ ಎಂಜಿನ್ ಹಾಗೆ ಇಳಿಯಲ್ಲ, ಅಲ್ವಾ? ಕೋಡ್‌ನಲ್ಲಿ ಆರ್‌ಪಿಎಂಗೆ (ಎಂಜಿನ್ ಸುತ್ತುವ ವೇಗ) ಬೇರೆಯೇ ಒಂದು ಸಂಖ್ಯೆ ಇಟ್ಟು, ಅದು ವೋಲ್ಟೇಜಿನ ಹಿಂದೆ ತಡವಾಗಿ ಬರುವಂತೆ ಮಾಡಿ. ಏರುವಾಗ ಚುರುಕು, ಇಳಿಯುವಾಗ ನಿಧಾನ. ಸೊನ್ನೆಗೆ ಬಿಡದೆ ಐಡಲ್‌ನಲ್ಲಿ, ಅಂದರೆ ನಿಂತ ಗಾಡಿಯ ಎಂಜಿನ್ ಓಡುವ ವೇಗದಲ್ಲಿ, ನಿಲ್ಲಿಸಿ. ಕಾರು ಹೇರ್‌ಪಿನ್ ತಿರುವಿಗೆ ಬಂದಾಗ ಸದ್ದು ಗೊರಗೊರ ಅಂತ ಇಳಿದು, ಹೊರಬೀಳುವಾಗ ಮತ್ತೆ ಮೊರೆಯುತ್ತದೆ. ಕೇಳಿದರೆ ಮೈ ಜುಂ ಅನ್ನುತ್ತದೆ! ಅಗ್ಗ ಅಂತ ಡಿಎಫ್‌ಪ್ಲೇಯರ್ ಮಿನಿ ತರಬೇಡಿ. ಅದು ಎಂಪಿ3 ನುಡಿಸುತ್ತದೆ, ಸದ್ದಿನ ವೇಗ ಬದಲಿಸುವುದಿಲ್ಲ.

ಬೆಂಗಳೂರಿನಿಂದ: ಬೋರ್ಡು, ಪಿಎಎಂ8403 ಆಂಪ್ಲಿಫೈಯರ್, ಸ್ಪೀಕರ್ ಎಲ್ಲಾ ಎಸ್‌ಪಿ ರೋಡ್‌ನಲ್ಲಿ ಸಿಗುತ್ತವೆ. ಈ ಆಂಪ್‌ನಲ್ಲಿ ಎರಡು ಸ್ಪೀಕರ್‌ಗಳ ಮೈನಸ್ ತಂತಿ ಒಟ್ಟಿಗೆ ಸೇರಿಸಬಾರದು, ಸುಟ್ಟುಹೋಗಬಹುದು. ಸ್ಪೀಕರನ್ನು ಸುಮ್ನೆ ಮೇಜಿನ ಮೇಲಿಡದೆ ಪುಟ್ಟ ಮರದ ಪೆಟ್ಟಿಗೆಯಲ್ಲಿ ಕೂರಿಸಿ, ದನಿ ತುಂಬಿ ಬರುತ್ತದೆ. ಮುಂದೆ ಡಿಜಿಟಲ್ ಸೆಟ್ ತಗೊಂಡರೆ ಈ ಉಪಾಯ ನಡೆಯಲ್ಲ. ಅಲ್ಲಿ ಟ್ರ್ಯಾಕಿನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ, ವೇಗದ ಸಂಕೇತ ಬೇರೆ ಹೋಗುತ್ತದೆ. ಟ್ರಿಗರ್ ಎಷ್ಟು ಒತ್ತಿದೆ ಎನ್ನುವುದನ್ನು ಕೈಯ ಕಂಟ್ರೋಲರ್‌ನಿಂದಲೇ ಓದಬೇಕು.