ಕನ್ನಡದ ಉದ್ದ ಸಬ್ಜೆಕ್ಟ್ ಮೇಲ್‌ನಲ್ಲಿ ಕೆಡ್ತಿದೆ, ಗೊತ್ತಿದ್ದವರು ಹೇಳಿ

ಮಂಡ್ಯದಿಂದ ಪ್ರಶ್ನೆ: ಸಹಕಾರ ಸಂಘದ ಸದಸ್ಯರಿಗೆ ಪಿಎಚ್‌ಪಿ (ವೆಬ್‌ಸೈಟ್ ಪ್ರೋಗ್ರಾಂ ಭಾಷೆ) ಕೋಡ್‌ನಿಂದ ಮೇಲ್ ಕಳಿಸ್ತೀವಿ. ಸಬ್ಜೆಕ್ಟ್ "ಶ್ರೀರಂಗಪಟ್ಟಣ ಶಾಖೆ ವಾರ್ಷಿಕ ಮಹಾಸಭೆ". "ಶಾಖೆ"ಯ ಶ ಇರಬೇಕಾದ ಕಡೆ ಕಪ್ಪು ಡೈಮಂಡ್ ಬರ್ತಿತ್ತು. ಕೋಡ್ ಬದಲಾಯಿಸಿ ಒಂದೊಂದೇ ಪದ ಎನ್‌ಕೋಡ್ ಮಾಡಿದ್ವಿ (ಮೇಲ್‌ಗೆ ಹೊಂದುವ ಇಂಗ್ಲಿಷ್ ಅಕ್ಷರ-ಅಂಕಿಗಳಿಗೆ ಬದಲಿಸಿದ್ವಿ), ಈಗ ಪದಗಳೆಲ್ಲ ಅಂಟಿಕೊಂಡಿವೆ.

ಸರಸ್ವತಿಪುರಂ, ಮೈಸೂರು: ಸರ್, ಇವು ಎರಡು ಬೇರೆ ಬೇರೆ ತಪ್ಪು. ಮೊದಲನೇದು ನೋಡಿ. ಮೇಲ್ ಹೆಡರ್ (ಸಬ್ಜೆಕ್ಟ್‌ನಂಥ ತಲೆಸಾಲು) ಬಗ್ಗೆ ನಿಯಮ ಹೇಳುವ ಆರ್‌ಎಫ್‌ಸಿ 2047 ಪ್ರಕಾರ ಎನ್‌ಕೋಡ್ ಆದ ಒಂದು ತುಂಡು 75 ಅಕ್ಷರ ಮೀರಬಾರದು, ಆ ತುಂಡಿರುವ ಸಾಲು 76 ಮೀರಬಾರದು. ಯುಟಿಎಫ್-8 (ಅಕ್ಷರವನ್ನು ಬೈಟ್ ಮಾಡುವ ಪದ್ಧತಿ), ಬೇಸ್64 (ಆ ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರ-ಅಂಕಿಗಳಲ್ಲಿ ಬರೆಯುವ ಪದ್ಧತಿ) ಎಂದು ಸಾರುವ ಹಿಂದಿನ-ಮುಂದಿನ ಚಿಹ್ನೆಗಳಿಗೇ 12 ಹೋಗುತ್ತೆ. ಮೊದಲ ಸಾಲಲ್ಲಿ ಹೆಡರ್ ಹೆಸರು, ಕೋಲನ್, ಸ್ಪೇಸ್ ಸೇರಿ ಇನ್ನೊಂದು 9. ಉಳಿದ 55ರಲ್ಲಿ ಬೇಸ್64, 3 ಬೈಟಿಗೆ 4 ಅಕ್ಷರದ ಲೆಕ್ಕದಲ್ಲಿ, 52 ಹಿಡಿಯುತ್ತೆ, ಅಂದ್ರೆ 39 ಬೈಟ್.

ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೂ 3 ಬೈಟ್. ಕಣ್ಣಿಗೆ "ಶ್ರೀರಂಗಪಟ್ಟಣ" ಆರೇ ಅಕ್ಷರ. ಒತ್ತು, ಗುಣಿತ, ಅನುಸ್ವಾರ ಬಿಡಿಸಿ ಎಣಿಸಿದರೆ 12 ಸಂಕೇತ, 36 ಬೈಟ್. ಸ್ಪೇಸ್ ಒಂದು, 37. ಉಳಿದದ್ದು 2 ಬೈಟ್, ಶಕ್ಕೆ ಬೇಕಾದದ್ದು 3. ನಿಮ್ಮ ಹಳೇ ಕೋಡ್ ಬೈಟ್ ಎಣಿಸಿ ಕತ್ತರಿಸಿದೆ: ಶದ ಎರಡು ಬೈಟ್ ಇಲ್ಲಿ, ಒಂದು ಮುಂದಿನ ತುಂಡಲ್ಲಿ. ಹಾಗೆ ಸೀಳಬಾರದು ಅಂತ ನಿಯಮದಲ್ಲೇ ಇದೆ. 37ಕ್ಕೇ ತುಂಡು ಮುಗಿಸಿ, ಶವನ್ನು ಇಡಿಯಾಗಿ ಮುಂದಕ್ಕೆ ತಳ್ಳಬೇಕಿತ್ತು.

ಕುವೆಂಪುನಗರ: ಅಂಟಿಕೊಳ್ಳೋದಕ್ಕೆ ಕಾರಣ: ಅಕ್ಕಪಕ್ಕದ ಎರಡು ಎನ್‌ಕೋಡ್ ತುಂಡುಗಳ ನಡುವಿನ ಸ್ಪೇಸನ್ನು ಮೇಲ್ ಪ್ರೋಗ್ರಾಂ ತೋರಿಸೋದೇ ಇಲ್ಲ. ಅದು ಸಾಲು ಮಡಿಸೋದಕ್ಕೆ ಮಾತ್ರ ಇರುವ ಸ್ಪೇಸ್. ಪದಗಳ ನಡುವಿನ ಸ್ಪೇಸ್ ತುಂಡಿನ ಒಳಗೇ ಎನ್‌ಕೋಡ್ ಆಗಿರಬೇಕು.

ಕೈಯಲ್ಲಿ ಕತ್ತರಿಸೋದು ಬಿಡಿ, ಪಿಎಚ್‌ಪಿ-ಮೇಲರ್ (ಮೇಲ್ ಕಳಿಸೋ ಸಿದ್ಧ ಕೋಡ್) ಬಳಸಿ. ಅದರ ಕ್ಯಾರೆಕ್ಟರ್ ಸೆಟ್ ತಾನಾಗೇ ಕನ್ನಡ ಇಲ್ಲದ ಐಎಸ್‌ಒ-8859-1 ಇರುತ್ತೆ, ಯುಟಿಎಫ್-8 ಅಂತ ನೀವೇ ಹಾಕಬೇಕು. ಬಹಳ ಜನ ಮರೆಯೋದು ಇದನ್ನೇ. ಬೇಸ್64 ಬದಲು ಇರುವ ಕ್ಯೂ ಎನ್‌ಕೋಡಿಂಗ್ ಬೇಡ: ಒಂದು ಸಂಕೇತಕ್ಕೆ 9 ಅಕ್ಷರ ತಿನ್ನುತ್ತೆ, ಒಂದು ತುಂಡಿಗೆ ಏಳೇ ಹಿಡಿಯೋದು.

ಮದ್ದೂರು: ಸಬ್ಜೆಕ್ಟನ್ನು ಎಕ್ಸೆಲ್‌ನಿಂದ ತಗೋತಿದ್ದರೆ ಸೆಲ್ ಒಳಗೆ ಆಲ್ಟ್-ಎಂಟರ್ ಹೊಡೆದಿದ್ದಾರಾ ನೋಡಿ. ಆ ಹೊಸ ಸಾಲು ಹಾಗೇ ಹೋದರೆ ಹೆಡರ್ ಅಲ್ಲಿಗೇ ಮುಗಿದು ಉಳಿದದ್ದು ಬೇರೆ ಹೆಡರ್ ಆಗಬಹುದು. ಫಾರ್ಮ್‌ನಿಂದ ಬಂದ ಸಬ್ಜೆಕ್ಟ್ ಆದರೆ ಬೇರೆಯವರು ತಮ್ಮ ವಿಳಾಸ ತುರುಕೋದಕ್ಕೂ ಅದೇ ದಾರಿ. ಕಳಿಸೋ ಮುಂಚೆ ತೆಗೆದುಹಾಕಿ.

ಸರಸ್ವತಿಪುರಂ: ಒಳಗಿನ ಪತ್ರದ ಸಾಲಿಗೂ ಮಿತಿ ಇದೆ, ಆರ್‌ಎಫ್‌ಸಿ 5322ರಲ್ಲಿ 998 ಅಕ್ಷರ, 78ರೊಳಗೆ ಇದ್ದರೆ ಒಳ್ಳೇದು. ಎಚ್‌ಟಿಎಂಎಲ್ ಎಲ್ಲ ಒಂದೇ ಸಾಲಲ್ಲಿದ್ದರೆ ಅದಕ್ಕೂ ಬೇಸ್64 ಹಾಕಿ.

ಪರೀಕ್ಷೆಗೆ ಇದೇ ಸಬ್ಜೆಕ್ಟ್ ಇಟ್ಟು ಜಿಮೇಲ್‌ಗೆ ಕಳಿಸಿ, ಮೂರು ಚುಕ್ಕಿ ಒತ್ತಿ "ಶೋ ಒರಿಜಿನಲ್" ತೆಗೀರಿ. ಎರಡನೇ ಸಾಲಿನಿಂದ ಪ್ರತಿ ಸಾಲೂ ಸ್ಪೇಸ್‌ನಿಂದ ಶುರುವಾಗಿರಬೇಕು, ಪ್ರತಿ ತುಂಡಿಗೂ ತನ್ನದೇ ಆದಿ-ಅಂತ್ಯದ ಚಿಹ್ನೆ ಇರಬೇಕು. ಮೊಬೈಲ್‌ನಲ್ಲಿ ಮೊದಲ ಕೆಲವು ಪದ ಮಾತ್ರ ಕಾಣೋದರಿಂದ "ಮಹಾಸಭೆ"ಯನ್ನೇ ಮುಂದೆ ತನ್ನಿ, ಶಾಖೆ ಹೆಸರು ಆಮೇಲೆ ಬರಲಿ.