ಮೋಟರ್ ರೂಮಿನ ಬೆಕ್ಕನ್ನು ಯಾರೂ ಚೀಲಕ್ಕೆ ಹಾಕಬೇಡಿ

ಮನೆ 14: ಎಲ್ಲರಿಗೂ ನಮಸ್ಕಾರ. ಬೋರ್‌ವೆಲ್ ಮೋಟರ್ ರೂಮಿನಲ್ಲಿ ಒಂದು ವಾರದಿಂದ ಬೂದು ಬಣ್ಣದ ಹೆಣ್ಣು ಬೆಕ್ಕು ಬಂದು ಕೂತಿದೆ. ಎಡಗಿವಿ ಸ್ವಲ್ಪ ಹರಿದಿದೆ. ಹೊಟ್ಟೆ ಎರಡೂ ಕಡೆ ಉಬ್ಬಿದೆ. ನಿನ್ನೆ ಅಡ್ಡ ಮಲಗಿದಾಗ ನೋಡಿದೆ, ಮೊಲೆತೊಟ್ಟುಗಳು ಗುಲಾಬಿ ಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತಿವೆ, ಸುತ್ತಲಿನ ಕೂದಲು ತೆಳ್ಳಗಾಗಿದೆ. ಗಬ್ಬ ಇರಬೇಕು. ಬೆಳಿಗ್ಗೆ ಯಾರೋ ಚೀಲದಲ್ಲಿ ಹಾಕಿ ಊರ ಹೊರಗೆ ಬಿಟ್ಟು ಬರೋಣ ಅಂದರು. ದಯವಿಟ್ಟು ಬೇಡ. ಈ ಬಿಸಿಲಲ್ಲಿ, ನಾಯಿಗಳ ನಡುವೆ, ತುಂಬಿದ ಹೊಟ್ಟೆ ಹೊತ್ತು ಅದು ಎಲ್ಲಿಗೆ ಹೋಗಬೇಕು?

ಮನೆ 9: ಗಬ್ಬ ಅಂತ ಖಾತ್ರಿ ಏನಿದೆ ರೀ? ಹುಳ ಇದ್ದರೂ ಹೊಟ್ಟೆ ಉಬ್ಬುತ್ತದೆ. ಊರಲ್ಲಿ ನಮ್ಮ ಕರುವಿಗೆ ಹಾಗೇ ಆಗಿತ್ತು.

ಮನೆ 14: ಇರಬಹುದು ಕಾಕಾ. ಆದರೆ ಹೊಟ್ಟೆ ಒತ್ತಿ ನೋಡುವುದು ಬೇಡ, ಒಳಗಿನ ಮರಿಗೆ ಪೆಟ್ಟಾಗುತ್ತದೆ. ನಮ್ಮ ಬೀದರಿನಲ್ಲೇ, ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ ಅಲ್ವಾ, ಅಲ್ಲಿಗೆ ತೋರಿಸೋಣ. ಈಗ ಹೆದರಿದೆ, ಹಿಡಿಯುವ ಅವಸರ ಬೇಡ. ಬೆಕ್ಕು ಸುಮಾರು 9 ವಾರ ಗಬ್ಬ ಇರುತ್ತದೆ. ಇದು ಮೂಲೆಯ ಗೋಣಿಚೀಲ ಕೆರೆದು ಕೆರೆದು ಜಾಗ ಮಾಡಿಕೊಳ್ಳುತ್ತಿದೆ. ದಿನ ಹತ್ತಿರ ಬಂದಿರಬೇಕು.

ಮನೆ 21: ನನ್ನ ಮಗಳು ಹೆರಿಗೆಗೆ ಬಂದಿದ್ದಾಳೆ. ಬೆಕ್ಕಿನಿಂದ ಬಸುರಿಯರಿಗೆ ಕಾಯಿಲೆ ಬರುತ್ತದೆ ಅನ್ನುತ್ತಾರೆ. ಅದೊಂದೇ ಭಯ ನನಗೆ.

ಮನೆ 14: ನೀವು ಕೇಳಿದ್ದು ಒಳ್ಳೆಯದಾಯಿತು ಅಕ್ಕಾ. ಟಾಕ್ಸೊಪ್ಲಾಸ್ಮಾಸಿಸ್ ಅಂತ ಆ ಕಾಯಿಲೆಯ ಹೆಸರು. ಬೆಕ್ಕು ಪಕ್ಕದಲ್ಲಿ ಓಡಾಡಿದರೆ ಬರುವುದಿಲ್ಲ. ಸೋಂಕಿರುವ ಬೆಕ್ಕಿನ ಮಲದಿಂದ, ಅದು ಬೆರೆತ ಮಣ್ಣಿನಿಂದ, ಸರಿಯಾಗಿ ಬೇಯದ ಮಾಂಸದಿಂದ ಬರುತ್ತದೆ. ಮಲ ಬಿದ್ದು ಒಂದು ದಿನವಾದರೂ ಕಳೆಯಬೇಕು, ಆಮೇಲೆಯೇ ಅದು ಅಂಟುವುದು. ಅದಕ್ಕೇ ದಿನಾ ಬೆಳಿಗ್ಗೆ ಕೈಗವಸು ಹಾಕಿಕೊಂಡು ನಾನೇ ತೆಗೆಯುತ್ತೇನೆ. ಮಗಳು ಆ ಕಡೆ ಬರುವುದು, ಕುಂಡದ ಮಣ್ಣು ಮುಟ್ಟುವುದು ಬೇಡ. ಸೊಪ್ಪು ಚೆನ್ನಾಗಿ ತೊಳೆಯಿರಿ. ಅವಳ ಡಾಕ್ಟರಿಗೂ ಒಂದು ಮಾತು ಕೇಳಿ.

ಮನೆ 21: ಹಂಗಿದ್ದರೆ ಇರಲಿ ಬಿಡಿ. ಅದೂ ಬಾಣಂತಿ ಆಗುವ ಜೀವ. ಹಳೇ ಕಾಟನ್ ಸೀರೆ ಕಳಿಸುತ್ತೇನೆ. ರೊಟ್ಟಿ ಹಾಲಲ್ಲಿ ನೆನೆಸಿ ಹಾಕಲೇನು?

ಮನೆ 14: ಸೀರೆ ಬೇಕೇ ಬೇಕು. ಹಾಲು ಬೇಡ, ದೊಡ್ಡ ಬೆಕ್ಕುಗಳಿಗೆ ಸಾಮಾನ್ಯವಾಗಿ ಅರಗುವುದಿಲ್ಲ, ಭೇದಿ ಆಗುತ್ತದೆ. ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಮೊಟ್ಟೆ ಆದರೆ ಒಳ್ಳೆಯದು.

ಮನೆ 17: ಸುಮಾರು ಮನೆಗಳಲ್ಲಿ ಮೊಟ್ಟೆ ನಡೆಯುವುದಿಲ್ಲ, ಗೊತ್ತು. ಎರಡೂ ಹೊತ್ತು ನಮ್ಮ ಮನೆಯಿಂದ ಬರುತ್ತದೆ. ಮಣ್ಣಿನ ಬಟ್ಟಲಲ್ಲಿ ನೀರೂ ಇಡುತ್ತೇನೆ.

ಮನೆ 9: ಇವತ್ತು ಸುಸ್ತಾಗಿ ಕಂಡಿತು. ಅರ್ಧ ಪ್ಯಾರಾಸಿಟಮಾಲ್ ಪುಡಿ ಮಾಡಿ ಕೊಡೋಣವೇ?

ಮನೆ 14: ಕಾಕಾ, ಅದೊಂದು ಮಾತ್ರ ಬೇಡ! ಬೆಕ್ಕಿಗೆ ಅದು ವಿಷ, ಸ್ವಲ್ಪ ಹೋದರೂ ಜೀವಕ್ಕೆ ಅಪಾಯ. ನಾಯಿಗೆ ಹಾಕುವ ಚಿಗಟದ ಔಷಧಿಯೂ ಬೇಡ. ಮಕ್ಕಳಿಗೂ ಹೇಳಿಡಿ, ಕೆಣಕಬಾರದು. ಪರಚಿದರೆ ಸುಮ್ನೆ ಬಿಡಬೇಡಿ. ಸೋಪು ಹಚ್ಚಿ 15 ನಿಮಿಷ ನೀರಿನಲ್ಲಿ ತೊಳೆದು, ರೇಬಿಸ್ ಲಸಿಕೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮನೆ 5: ಚೀಲದ ಮಾತು ಆಡಿದ್ದು ನಾನೇ. ಇವತ್ತು ಒಂದು, ನಾಳೆ ಐದು ಆಗುತ್ತವೆ. ಆಮೇಲೆ ಏನು?

ಮನೆ 14: ಆ ಚಿಂತೆ ನನಗೂ ಇದೆ ಅಣ್ಣಾ. ಮರಿಗಳಿಗೆ ಹಾಲು ಕುಡಿಸುತ್ತಿರುವಾಗಲೇ ಬೆಕ್ಕು ಮತ್ತೆ ಗಬ್ಬ ಆಗಬಹುದು. ಮರಿಗಳಿಗೆ 8 ವಾರ ಆಗಿ ಹಾಲು ಬಿಟ್ಟ ಮೇಲೆ ತಡ ಮಾಡದೆ ಅದಕ್ಕೆ ಮರಿ ಆಗದಂತೆ ಆಪರೇಷನ್ ಮಾಡಿಸೋಣ. ಮರಿಗಳಿಗೆ ಈಗಲೇ ಮನೆ ಹುಡುಕೋಣ. ಖರ್ಚಿಗೆ ಮೊದಲ 500 ರೂಪಾಯಿ ನನ್ನದು.

ಮನೆ 5: ನನ್ನದೂ 500 ಬರೆದುಕೊಳ್ಳಿ. ಅಲ್ಲಿ ಮೋಟರ್ ವೈರ್ ಒಂದು ಕಡೆ ಬಿಚ್ಚಿಕೊಂಡಿದೆ, ಇವತ್ತೇ ಟೇಪ್ ಸುತ್ತಿಸುತ್ತೇನೆ.

ಮನೆ 14: ಸಂಜೆ 7 ಗಂಟೆ. ಸೀರೆ ಹಾಸಿದ ರಟ್ಟಿನ ಡಬ್ಬಿ ಮೂಲೆಯಲ್ಲಿ ಇಟ್ಟು ಬಂದೆ. ಮೂಸಿ ನೋಡಿತು, ಇನ್ನೂ ಒಳಗೆ ಹೋಗಿಲ್ಲ. ಮೋಟರ್ ಹಾಕಲು ಹೋದವರು ಬಾಗಿಲು ಒಂದು ಗೇಣು ತೆರೆದೇ ಇಡಿ. ಮರಿ ಹಾಕಿದರೆ ಮುಟ್ಟಬೇಡಿ, ಗುಂಪು ಕಟ್ಟಿ ನೋಡಲೂ ಹೋಗಬೇಡಿ, ಹೆದರಿ ಜಾಗ ಬದಲಿಸುತ್ತದೆ. ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬರದಿದ್ದರೆ ರಾತ್ರಿ ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡಿ. ಆಟೋದವರಿಗೆ ಹೇಳಿಟ್ಟಿದ್ದೇನೆ.